ಎರಡನೇ ಬ್ರೇಕ್

"ಊದು," ಎಂದಳು ಇರ್ಯಾ. "ಇನ್ನೊಂದು ಸಲ. ಗಟ್ಟಿಯಾಗಿ ಊದು."

ಆರ್ವಿ ಕೆನ್ನೆ ಉಬ್ಬಿಸಿ ಊದಿದ. ಅಂಗೈಯಗಲದ ಯಂತ್ರದ ಮೇಲೆ ಮತ್ತೆ ಕೆಂಪು ದೀಪವೇ ಹತ್ತಿತು.

ಆಸ್ಪತ್ರೆಯ ಶವಾಗಾರದ ಹಿಂದಿನ ಅಂಗಳದಲ್ಲಿ ಡ್ರೈವಿಂಗ್ ಶಾಲೆಯ ಬಿಳಿ ವ್ಯಾನು ನಿಂತಿತ್ತು. ಪಕ್ಕದಲ್ಲಿ ಮೂವರು: ಸತ್ತವನ ಹೆಂಡತಿ ಇರ್ಯಾ, ಅವನ ತಮ್ಮ ಆರ್ವಿ, ಮಗಳು ಸೈಲಾ. ಸತ್ತವನು, ಆ ಶಾಲೆಯ ಮೇಷ್ಟ್ರು ತೌನೊ, ವ್ಯಾನಿನೊಳಗೆ ಶವಪೆಟ್ಟಿಗೆಯಲ್ಲಿದ್ದ. ತಮ್ಮವರನ್ನು ತಮ್ಮದೇ ಗಾಡಿಯಲ್ಲಿ ಒಯ್ಯುವವರು ಫಿನ್ಲೆಂಡಿನ ಈ ಕುಓಪಿಯೊ ಊರಿನಲ್ಲಿ ಈಗಲೂ ಇದ್ದಾರೆ. ತೌನೊ ಅಂತೂ ಬದುಕಿದ್ದಾಗಲೇ ಹೇಳಿಟ್ಟಿದ್ದ, ಗುರುತಿಲ್ಲದವರು ಓಡಿಸುವ ಗಾಡಿಯಲ್ಲಿ ತಾನು ಸತ್ತರೂ ಕೂರುವುದಿಲ್ಲ ಎಂದು.

"ನಿನ್ನೆ ಸೌನಾದ ಹಬೇಲಿ ಕೂತು ಎರಡೇ ಎರಡು ಬಿಯರ್ ಅತ್ತಿಗೆ," ಎಂದ ಆರ್ವಿ.

"ಎರಡು ಅಂತ ನೀನು ಹೇಳ್ತೀಯ. ಇದು ಬೇರೆ ಹೇಳ್ತಿದೆ."

"ಅದು ತೌನೊನದೇ ಯಂತ್ರ ತಾನೆ? ಹೋದ ಮೇಲೂ ನನ್ನ ಮೇಲೆ ಚಾಡಿ ಹೇಳ್ತಾನೆ ನೋಡು."

"ಅವನನ್ನ ಹಿಂದೆ ಮಲಗಿಸ್ಕೊಂಡು ನೀನು ಕುಡಿದು ಓಡಿಸ್ತೀಯಾ? ಎದ್ದು ಕೂತಾನು!"

ಆರ್ವಿ ತಲೆ ತಗ್ಗಿಸಿದ. ಆಮೇಲೆ ಇಬ್ಬರೂ ಒಟ್ಟಿಗೇ ಸೈಲಾಳ ಕಡೆ ನೋಡಿದರು.

ಸೈಲಾ ರಸ್ತೆಯ ಕಡೆ ನೋಡಿದಳು. ಬೆಳಗಿನಿಂದ ಮಳೆ ಹನಿಯುತ್ತಿತ್ತು, ಬಿದ್ದ ಹನಿ ಬಿದ್ದಲ್ಲೇ ಹೆಪ್ಪುಗಟ್ಟಿ ಗಾಜಾಗುತ್ತಿತ್ತು. ಮನೆಯಲ್ಲಿದ್ದವರು ಮನೆಯಲ್ಲೇ ಇರಿ ಎಂದು ರೇಡಿಯೋ ಬಡಿದುಕೊಳ್ಳುತ್ತಿತ್ತು.

"ಬೇರೆ ಯಾರನ್ನಾದ್ರೂ ಕರೆಯೋಣ ಅಮ್ಮ."

"ಯಾರನ್ನ? ಎಲ್ಲಾ ಆಗ್ಲೇ ಸ್ಮಶಾನದ ಚರ್ಚಲ್ಲಿ ಕೂತಿದಾರೆ. ಅವ್ರು ಇಲ್ಲಿಗೆ ಬಂದು ಹೋಗೋಷ್ಟರಲ್ಲಿ ನಮ್ಮ ಹೊತ್ತು ಮುಗಿದು ಮುಂದಿನ ಹೆಣದೋರು ಬಂದಿರ್ತಾರೆ. ನಿನ್ನ ಹತ್ರ ಲೈಸೆನ್ಸ್ ಇದೆಯಲ್ಲ."

"ಇದೆ. ಅಷ್ಟೇ, ಇದೆ."

ನಿಜ. ಅವಳು ವಾಸವಿದ್ದ ಹೆಲ್ಸಿಂಕಿಯಲ್ಲಿ ಮೆಟ್ರೊ ಇತ್ತು, ಬಸ್ಸಿತ್ತು, ಊರಿಗೆ ಬರಲು ರೈಲಿತ್ತು. ಲೈಸೆನ್ಸು ಪರ್ಸಿನಲ್ಲಿ ಬೆಚ್ಚಗಿತ್ತು. ಇರ್ಯಾಳಿಗಂತೂ ಅದೂ ಇಲ್ಲ. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವನ ಹೆಂಡತಿ ಜೀವಮಾನವಿಡೀ ಸೈಕಲ್ಲು ತುಳಿದವಳು.

"ಅಮ್ಮ, ನನಗೆ ಹೆದರಿಕೆ ಆಗ್ತಿದೆ."

"ಗೊತ್ತು. ಹತ್ತು."

ಆರ್ವಿ ಹಿಂದಿನ ಸೀಟಿನಲ್ಲಿ, ಅಣ್ಣನ ತಲೆಯ ಹತ್ತಿರ ಕುಳಿತ. ಇರ್ಯಾ ಮುಂದೆ, ಮೇಷ್ಟರ ಸೀಟಿನಲ್ಲಿ. ಆ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ಲಿತ್ತು. ಅದರ ಈಚೆ ತೌನೊನ ತೆಳು ಅಟ್ಟೆಯ ಬೂಟುಗಳು ಬಿಟ್ಟಲ್ಲೇ ಇದ್ದವು. ಹಿಮದ ದಪ್ಪ ಬೂಟಿನಲ್ಲಿ ಪೆಡಲ್ ಕಾಲಿಗೆ ತಿಳಿಯುವುದಿಲ್ಲ ಎಂದು ಪಾಠಕ್ಕೆ ಮುಂಚೆ ಅವನ್ನು ಹಾಕಿಕೊಳ್ಳುತ್ತಿದ್ದ. ಎಡಗಾಲಿನದು ಹೊಸದರಂತಿತ್ತು. ಬಲಗಾಲಿನದರ ಅಟ್ಟೆ ಸವೆದು ತೂತು ಬಿದ್ದಿತ್ತು.

"ತೆಗೆದು ಹಿಂದೆ ಇಡ್ಲಾ?" ಎಂದು ಕೇಳಿದಳು ಸೈಲಾ.

"ಬೇಡ, ಅಲ್ಲೇ ಇರ್ಲಿ." ಇರ್ಯಾ ತನ್ನ ಎರಡೂ ಕಾಲುಗಳನ್ನು ಮೇಲೆಳೆದುಕೊಂಡು ಸೀಟಿನ ಮೇಲೆ ಮಡಚಿ ಕುಳಿತಳು.

*

ಸೈಲಾಳಿಗೆ ಆಗ ಹದಿನೆಂಟು. ಕಾರು ಜಾರಿದಾಗ ಏನು ಮಾಡಬೇಕೆಂದು ಕಲಿಸುವ ಊರಾಚೆಯ ಜಾರುಪಥದಲ್ಲಿ ನೀರು ಹಾಯಿಸಿ ನೆಲವನ್ನು ಸೋಪಿನಂತೆ ನುಣುಪು ಮಾಡಿಟ್ಟಿದ್ದರು. ಎದುರಿಗೆ ಸ್ಪಂಜಿನ ಗೊಂಬೆಯೊಂದು ದಾರಿಗಡ್ಡ ನಿಂತಿತ್ತು.

ಈ ಪಾಠವನ್ನು ತೌನೊ ಬೇರೆ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ. "ಕಾಲಿಟ್ಟು ಒದ್ದ ಹಾಗೆ ಒತ್ತು. ಪೆಡಲ್ ಗಡಗಡ ನಡುಗುತ್ತೆ. ನಡುಗಿತು ಅಂತ ಬಿಟ್ಟುಬಿಡಬೇಡ, ಅದು ಕಾರು ತನ್ನ ಕೆಲಸ ಮಾಡೋ ರೀತಿ. ಗುದ್ದೋದನ್ನ ನೋಡಬೇಡ, ನೋಡಿದ್ರೆ ಅಲ್ಲಿಗೇ ಹೋಗ್ತೀಯ. ಜಾಗ ಎಲ್ಲಿದೆಯೋ ಅಲ್ಲಿ ನೋಡು, ಅಲ್ಲಿಗೆ ತಿರುಗಿಸು."

ಸೈಲಾ ಓಡಿಸಿಕೊಂಡು ಬಂದಳು. ಗೊಂಬೆ ಹತ್ತಿರವಾಯಿತು. ಕಾಲೆತ್ತಿ ಬ್ರೇಕಿನ ಮೇಲಿಡುವಷ್ಟರಲ್ಲಿ ಪೆಡಲ್ ಆಗಲೇ ಕೆಳಗೆ ಹೋಗಿಬಿಟ್ಟಿತ್ತು. ಪಕ್ಕದಲ್ಲಿ ತೌನೊನ ಬಲಗಾಲು ನೆಟ್ಟಗೆ ಚಾಚಿಕೊಂಡಿತ್ತು, ಮುಖ ಸುಣ್ಣವಾಗಿತ್ತು.

"ಅಪ್ಪ, ನಾನೇ ಒತ್ತುತ್ತಿದ್ದೆ."

"ಹೌದೌದು. ಇನ್ನೊಂದು ಸಲ ನೋಡೋಣ."

ಇನ್ನೊಂದು ಸಲವೂ ಹಾಗೆಯೇ ಆಯಿತು, ಮತ್ತೊಂದು ಸಲವೂ. ಬೇರೆಯವರ ಮಕ್ಕಳನ್ನು ಗೊಂಬೆಗೆ ಗುದ್ದಲು ಬಿಡುತ್ತಿದ್ದವನು ಮಗಳನ್ನು ಬಿಡಲಿಲ್ಲ. ಪರೀಕ್ಷೆ ಹೇಗೋ ಪಾಸಾಯಿತು. ಆಮೇಲೆ ಒಂದು ಸಲ ಅವಳು ಒಬ್ಬಳೇ ಕಾರು ಹತ್ತಿ ಗೇಟಿನವರೆಗೆ ಬಂದಳು. ಪಕ್ಕದ ಖಾಲಿ ಸೀಟು ನೋಡಿದಳು, ಇಳಿದು ಬೀಗ ಹಾಕಿದಳು. ಅಂಥ ಜಾರುನೆಲದಲ್ಲಿ ತಾನು ಒತ್ತಿದರೆ ಕಾರು ನಿಲ್ಲುತ್ತದೆಯೇ ಎಂಬುದು ಅವಳಿಗೆ ಈವರೆಗೂ ಗೊತ್ತಿಲ್ಲ.

*

ವ್ಯಾನು ಆಮೆಯಂತೆ ಸಾಗಿತು. ಹಿಮಕ್ಕೆಂದು ಮೊಳೆ ಹೊಡೆದ ಟೈರುಗಳು ಗಾಜಿನಂಥ ರಸ್ತೆಯ ಮೇಲೆ ಕರಕರ ಎನ್ನುತ್ತಿದ್ದವು. ಸೈಲಾ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದಿದ್ದಳು.

"ಎದುರಿನ ಗಾಡಿಯಿಂದ ಇನ್ನೂ ದೂರ ಇರು," ಎಂದ ಆರ್ವಿ ಹಿಂದಿನಿಂದ.

"ಬಾಯಿ ಮುಚ್ಚು ಚಿಕ್ಕಪ್ಪ."

"ನಾನಲ್ಲಮ್ಮ, ತೌನೊ ಇದ್ದಿದ್ರೆ ಹಾಗಂತಿದ್ದ."

"ನಿಮ್ಮಪ್ಪಂಗೆ ಪ್ರತಿದಿನ ಹೆದರಿಕೆ," ಎಂದಳು ಇರ್ಯಾ ಇದ್ದಕ್ಕಿದ್ದಂತೆ. "ನಿಂಗೆ ಹೇಳಿರ್ಲಿಲ್ಲ. ಬೆಳಿಗ್ಗೆ ಮೊದಲ ಪಾಠಕ್ಕೆ ಹೋಗೋ ಮುಂಚೆ ಕಾಫಿ ಕೂಡ ಇಳೀತಿರ್ಲಿಲ್ಲ. ನಿದ್ದೇಲೂ ಬ್ರೇಕ್ ಒತ್ತೋನು. ನನ್ನ ಮೊಣಕಾಲೆಲ್ಲಾ ನೀಲಿಗಟ್ಟಿರೋದು."

"ಮತ್ತೆ ಯಾಕೆ ಮಾಡಿದ ಈ ಕೆಲ್ಸಾನ?"

"ಕೇಳಿದೆ. 'ಪಕ್ಕದಲ್ಲಿ ಕೂತಿದ್ರೆ ಏನಾದ್ರೂ ಮಾಡಬಹುದು, ಮನೇಲಿ ಕೂತು ಆಂಬುಲೆನ್ಸಿನ ಸೈರನ್ ಕೇಳೋದು ನನ್ನ ಕೈಲಾಗಲ್ಲ' ಅಂದ."

ಅಷ್ಟರಲ್ಲಿ ದಿಬ್ಬದ ಇಳಿಜಾರು ಬಂತು. ಮುಂದೆ ಹೋಗುತ್ತಿದ್ದ ಸಿಟಿ ಬಸ್ಸಿನ ಹಿಂಭಾಗ ಮೆಲ್ಲಗೆ ಪಕ್ಕಕ್ಕೆ ಸರಿಯತೊಡಗಿತು. ಬಸ್ಸು ಸದ್ದಿಲ್ಲದೆ, ಯಾವ ಅವಸರವೂ ಇಲ್ಲದೆ ತಿರುಗಿ, ಇಡೀ ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಿತು. ಕಿಟಕಿಯಲ್ಲಿ ಕೆಂಪು ಟೋಪಿಯ ಮುದುಕಿಯೊಬ್ಬಳು ಗಾಜಿಗೆ ಅಂಗೈ ಒತ್ತಿ ಇವರನ್ನೇ ನೋಡುತ್ತಿದ್ದಳು.

"ಅಯ್ಯೋ ದೇವರೇ," ಎಂದ ಆರ್ವಿ.

ಒಂದು ಕ್ಷಣ ಸೈಲಾ ಕಾದಳು. ಪೆಡಲ್ ತಾನಾಗಿ ಕೆಳಗೆ ಹೋಗಲಿ ಎಂದು, ಎಂದಿನಂತೆ ಕಾದಳು. ಅದು ಹೋಗಲಿಲ್ಲ. ಹೋಗುವುದೂ ಇಲ್ಲ ಎಂಬುದು ಆಗ ಅವಳಿಗೆ ತಿಳಿಯಿತು. ಅಪ್ಪ ಸತ್ತಿದ್ದಾನೆ ಎಂಬುದು ನಿಜವಾಗಿ ತಿಳಿದದ್ದೂ ಆಗಲೇ.

ಒದ್ದ ಹಾಗೆ ಒತ್ತಿದಳು.

ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗಿತು. ಕಾಲು ತೆಗೆ ತೆಗೆ ಎಂದು ಇಡೀ ಮೈ ಕೂಗಿತು. ತೆಗೆಯಲಿಲ್ಲ. ಕೆಂಪು ಟೋಪಿ ದೊಡ್ಡದಾಗುತ್ತಾ ಬಂತು. ಅದರಿಂದ ಕಣ್ಣು ಕಿತ್ತು ಬಲಕ್ಕೆ ನೋಡಿದಳು. ಬಸ್‌ಸ್ಟಾಪಿನ ತಂಗುಜಾಗ ಖಾಲಿಯಿತ್ತು, ಅದರಾಚೆ ಒಟ್ಟಿದ ಹಿಮವಿತ್ತು. ಅಲ್ಲಿಗೇ ನೋಡಿದಳು, ಅಲ್ಲಿಗೇ ತಿರುಗಿಸಿದಳು. ವ್ಯಾನು ಯೋಚಿಸುತ್ತಿರುವಂತೆ ಒಂದಿಷ್ಟು ಜಾರಿ, ಆಮೇಲೆ ಹೇಳಿದ ಮಾತು ಕೇಳಿತು. ಬಸ್ಸಿನ ಮೂತಿ ಕನ್ನಡಿಯ ಪಕ್ಕದಲ್ಲೇ ಹಾದುಹೋಯಿತು. ವ್ಯಾನು ಹಿಮದ ರಾಶಿಗೆ ಮೆಲ್ಲಗೆ ಮುಖ ತಾಗಿಸಿ ನಿಂತಿತು.

ಹಿಂದೆ ಶವಪೆಟ್ಟಿಗೆಯ ಪಟ್ಟಿ ಒಮ್ಮೆ ಕಿರ್ರೆಂದಿತು. ಕಿಟಕಿಯ ಮುದುಕಿ ಇನ್ನೂ ಅಂಗೈ ತೆಗೆದಿರಲಿಲ್ಲ.

"ಈಗಂತೂ ನನ್ನ ನಶೆ ಪೂರ್ತಿ ಇಳೀತು," ಎಂದ ಆರ್ವಿ ಕೊನೆಗೆ. "ಬೇಕಾದ್ರೆ ನಾನು ಓಡಿಸ್ತೀನಿ."

"ಬೇಡ," ಎಂದಳು ಸೈಲಾ. ಗಾಡಿಯನ್ನು ಹಿಂದಕ್ಕೆ ತೆಗೆದಳು.

*

ಸ್ಮಶಾನದ ಚರ್ಚಿನ ಮುಂದೆ ಕಪ್ಪು ಕೋಟಿನ ಜನ ಜಾರದಂತೆ ಮರಳು ಚೆಲ್ಲಿದ ಮೆಟ್ಟಿಲ ಮೇಲೆ ಗುಂಪಾಗಿ ನಿಂತಿದ್ದರು. ಹೆಚ್ಚಿನವರು ತೌನೊನ ಹಳೆಯ ಶಿಷ್ಯರು.

"ನನಗೆ ರಸ್ತೇಲಿ ಕಲಿಸುವಾಗ ಬ್ರೇಕ್ ಎಲ್ಲಾ ಅವನೇ ಒತ್ತಿದ್ದು, ದುಡ್ಡು ಮಾತ್ರ ನನ್ನ ಹತ್ರ ತಗೊಂಡ," ಎಂದ ಒಬ್ಬ ಬೋಳುತಲೆಯವನು.

"ಒತ್ತದೆ ಇದ್ದಿದ್ರೆ ಇವತ್ತು ಮಾತಾಡೋಕೆ ನೀನೆಲ್ಲಿ ಇರ್ತಿದ್ದೆ?" ಎಂದಳು ಪಕ್ಕದ ಹೆಂಗಸು. ಸಣ್ಣಗೆ ನಗು ಎದ್ದು, ಪಾದ್ರಿಯನ್ನು ಕಂಡು ಅಡಗಿತು.

ಆರು ಜನ ಶವಪೆಟ್ಟಿಗೆಯನ್ನು ಹೊರತೆಗೆದರು. ಸೈಲಾ ಸುತ್ತಿ ಬಂದು ಅಮ್ಮನ ಬಾಗಿಲು ತೆರೆದಳು. ಇರ್ಯಾ ಇನ್ನೂ ಕಾಲು ಮಡಚಿಯೇ ಕುಳಿತಿದ್ದಳು.

"ಸೈಲಾ," ಎಂದಳು ಪಿಸುದನಿಯಲ್ಲಿ. "ನಾನು ಮುಟ್ಟಿಲ್ಲ ಕಣೆ. ನನ್ನ ಕಣ್ಣೆದುರಿಗೇ ಈ ಪೆಡಲ್ ತಾನಾಗೇ ಕೆಳಗೆ ಹೋಯ್ತು. ಅವನೇ..."

ಎರಡೂ ಪೆಡಲ್ಲುಗಳ ನಡುವೆ ಒಂದೇ ಸರಳು, ಒಂದನ್ನು ಒತ್ತಿದರೆ ಇನ್ನೊಂದೂ ಇಳಿಯುತ್ತದೆ. ಸೈಲಾ ಅಮ್ಮನ ತಣ್ಣನೆಯ ಕೈ ಹಿಡಿದುಕೊಂಡಳು.

"ಅದು ನಾನಮ್ಮ. ನಾನು ಒತ್ತಿದ್ದು."

ಇರ್ಯಾ ಅವಳ ಭುಜ ಹಿಡಿದು ಇಳಿದಳು. ಬಾಗಿಲು ಹಾಕಲು ಬಗ್ಗಿದ ಸೈಲಾ ಕೆಳಗೆ ನೋಡಿದಳು. ಬ್ರೇಕಿನ ರಭಸಕ್ಕೆ ತೌನೊನ ಬೂಟುಗಳು ಮುಂದಕ್ಕೆ ಜಾರಿದ್ದವು. ಎಡಗಾಲಿನದು ಅಡ್ಡ ಬಿದ್ದಿತ್ತು. ಬಲಗಾಲಿನದು ಪೆಡಲ್ಲಿಗೆ ನೇರವಾಗಿ ಮೂತಿ ಮಾಡಿ, ಒಂದು ಬೆರಳಿನಷ್ಟು ಈಚೆಗೇ, ಮುಟ್ಟದೆ ನಿಂತಿತ್ತು.