ಹಲ್ಲಲ್ಲಿ ಕಚ್ಚಿದ ತಂತಿ

ನನ್ನ ಗಂಡ ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಾರೆ. ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದುದು ಮೌನಿ ಎಂದೇ. ಮದುವೆಗೆ ಮೊದಲು ನಾನು ಕೆಟ್ಟ ರೇಡಿಯೋ ಹಿಡಿದು ಅಂಗಡಿಗೆ ಹೋಗಿದ್ದಾಗ ಅರ್ಧ ಗಂಟೆ ಅವರು ಒಂದು ಮಾತೂ ಆಡಲಿಲ್ಲ. ಕೇಳಿದ್ದಕ್ಕೆಲ್ಲ ತಲೆಯಾಡಿಸಿದರು, ಅಷ್ಟೇ. ಆ ಮೌನದಲ್ಲಿ ನನಗೆ ಏನೋ ಆಳ ಕಂಡಿತು. ಮನೆಯಲ್ಲಿ ಹಟ ಹಿಡಿದು ಅವರನ್ನೇ ಮದುವೆಯಾದೆ.

ಆಳವೂ ಇಲ್ಲ, ಮಣ್ಣೂ ಇಲ್ಲ. ಬಲಗೈಯಲ್ಲಿ ಬೆಸುಗೆಯ ಕಾದ ಕಡ್ಡಿ, ಎಡಗೈಯಲ್ಲಿ ಇಕ್ಕಳ. ಸೀಸದ ತಂತಿ ಹಿಡಿಯಲು ಮೂರನೆಯ ಕೈ ಇಲ್ಲವಲ್ಲ, ಅದನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದರು. ಹದಿನೆಂಟು ವರ್ಷ ಕಚ್ಚಿದ್ದಾರೆ. ಕೆಲಸ ಮನೆಗೂ ಬರುತ್ತಿತ್ತು, ತಂತಿಯೂ ಜೊತೆಗೆ ಬರುತ್ತಿತ್ತು.

ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲ. ಅತ್ತೆಯ ತೀರ್ಮಾನದಲ್ಲಿ ಕೊರತೆ ನನ್ನದೇ. ವಾರಕ್ಕೊಂದು ಕಷಾಯ ಹುಡುಕಿ ತರುತ್ತಿದ್ದರು, ನಾನು ಮೂಗು ಹಿಡಿದು ಕುಡಿಯುತ್ತಿದ್ದೆ. ಒಂದಂತೂ ಒದ್ದೆ ಕಂಬಳಿ ಹಿಂಡಿದ ಹಾಗಿತ್ತು. ಕೊನೆಗೆ ಗಂಡನನ್ನು ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋದೆ. ನನ್ನ ಪರೀಕ್ಷೆಗಳಲ್ಲಿ ಏನೂ ದೋಷವಿರಲಿಲ್ಲ. ಅವರ ರಕ್ತದಲ್ಲಿ ಸೀಸ ಧಾರಾಳವಾಗಿ ಸಿಕ್ಕಿತು. ವೀರ್ಯಾಣುಗಳು ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು.

ಸೀಸ ಮೂಳೆಯೊಳಗೆ ಬಿಡಾರ ಹೂಡುತ್ತದೆ, ಮಿದುಳು ಹಾರ್ಮೋನಿನ ಮೂಲಕ ಕೆಳಗೆ ಕಳಿಸುವ ಸಂದೇಶವನ್ನು ಕೆಡಿಸುತ್ತದೆ ಎಂದು ಡಾಕ್ಟರಮ್ಮ ವಿವರಿಸಿದರು. ಇವರು ಆಸಕ್ತಿಯಿಂದ ಮುಂದಕ್ಕೆ ಬಾಗಿ, ಕೆಟ್ಟಿರುವುದು ಸ್ಟೇಷನ್ನೋ ರೇಡಿಯೋವೋ ಎಂದು ಕೇಳಿದರು. ಡಾಕ್ಟರಮ್ಮ ಸ್ವಲ್ಪ ಯೋಚಿಸಿ, ಎರಡಕ್ಕೂ ಪೆಟ್ಟು ಬಿದ್ದಿದೆ ಎಂದರು. ತಂತಿ ಬಾಯಿಗಿಡಬಾರದು, ಕೈ ತೊಳೆಯದೆ ತಿನ್ನಬಾರದು, ಕೆಲಸ ಮನೆಗೆ ತರಬಾರದು. ಆರು ತಿಂಗಳ ನಂತರ ಮತ್ತೆ ನೋಡೋಣ, ಭರವಸೆ ಮಾತ್ರ ಕೊಡಲಾರೆ ಎಂದರು.

ಮರುದಿನ ತಂತಿಯ ಸುರುಳಿಗೆ ಒಂದು ಸ್ಟ್ಯಾಂಡ್ ಬಂತು. ಬಾಯಿ ಖಾಲಿಯಾಯಿತು.

ಹದಿನೆಂಟು ವರ್ಷದ ಮಾತು ಕಟ್ಟೆಯೊಡೆದು ಹರಿಯಿತು. ಬೆಕ್ಕಿಗೆ ಹುಬ್ಬು ಏಕಿಲ್ಲ, ಫ್ಯಾನಿಗೆ ತಲೆ ಸುತ್ತುವುದಿಲ್ಲವೇ, ಮೊಣಕೈಗೆ ಮೊದಲು ಹೆಸರಿಟ್ಟವರು ಯಾರು. ಗಿರಾಕಿಗಳು ಅರ್ಧ ರಿಪೇರಿಯಾದ ರೇಡಿಯೋ ಎತ್ತಿಕೊಂಡು ಓಡತೊಡಗಿದರು. ನಾನು ಕಿವಿಗೆ ಹತ್ತಿ ಇಟ್ಟುಕೊಂಡೆ. ಇಷ್ಟು ಮಾತಿನ ನಡುವೆ ಆಡಬೇಕಿದ್ದ ಒಂದೇ ಮಾತು ಬರಲಿಲ್ಲ. ಅತ್ತೆಗೆ ಇವರು ಏನೂ ಹೇಳಿರಲಿಲ್ಲ. ಅದು ಅವರೇ ಆಡಬೇಕಾದ ಮಾತು ಎಂದು ನಾನೂ ಸುಮ್ಮನಿದ್ದೆ. ಕಷಾಯ ಕುಡಿಯುತ್ತಾ ಅವರ ಮುಖ ನೋಡುತ್ತಿದ್ದೆ. ಅವರು ಬೆಕ್ಕಿನ ವಿಷಯ ಎತ್ತುತ್ತಿದ್ದರು.

ಒಂದು ಭಾನುವಾರ ಅತ್ತೆ ಹೊಸ ಪುಡಿ ತಂದರು. ಬೂದು ಬಣ್ಣದ್ದು, ಬೆಳಕಿಗೆ ಹಿಡಿದರೆ ಮಿನುಗುತ್ತಿತ್ತು. ಜೇನುತುಪ್ಪದಲ್ಲಿ ಕಲಸಿ ಚಮಚವನ್ನು ನನ್ನ ಬಾಯಿಯ ಹತ್ತಿರ ತಂದರು. ಇವರ ಮಾತು ಅರ್ಧಕ್ಕೆ ನಿಂತಿತು.

“ಅಮ್ಮಾ, ಅವಳಿಗೆ ಕೊಡಬೇಡ. ಕೊರತೆ ಇರೋದು ನನ್ನಲ್ಲಿ.”

ಅತ್ತೆ ನನ್ನನ್ನು ನೋಡಿದರು, ಮಗನನ್ನು ನೋಡಿದರು. ಗಾಳಿಯಲ್ಲಿ ನಿಂತಿದ್ದ ಚಮಚ ನಿಧಾನವಾಗಿ ಇವರತ್ತ ತಿರುಗಿತು.

“ಹಾಗಾದ್ರೆ ನೀನೇ ನೆಕ್ಕು.”

“ಅದರಲ್ಲೂ ಸೀಸ ಇರಬಹುದಮ್ಮ. ನಾನು ಆಗ್ಲೇ ಹೊಟ್ಟೆ ತುಂಬಾ ತಿಂದಿದೀನಿ.”

ತಂತಿಯ ಕಥೆಯೆಲ್ಲ ಕೇಳಿದ ಮೇಲೆ ಅತ್ತೆ ನನ್ನ ಕೈಯನ್ನೊಮ್ಮೆ ಹಿಡಿದುಕೊಂಡರು. ಎದ್ದು ಹೋಗಿ ಕಷಾಯವನ್ನೆಲ್ಲ ಮೋರಿಗೆ ಸುರಿದು, ಪಾತ್ರೆಗಳನ್ನು ತಾವೇ ಉಜ್ಜಿದರು.

ಮರುಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ. ಅತ್ತೆ ದಿನವೂ ಅಂಗಡಿಗೆ ಹೋಗಿ ಎದುರಿನ ಸ್ಟೂಲಿನ ಮೇಲೆ ಕೂರುತ್ತಾರೆ. ಗಿರಾಕಿಗಳ ಮುಂದೆಯೇ, ನಲವತ್ತು ಸಮೀಪಿಸಿದ ಮಗನಿಗೆ, ಎಲ್ಲಿ ಬಾಯಿ ತೆಗಿ ಎನ್ನುತ್ತಾರೆ. ಇವರು ಆ ಎಂದು ತೆಗೆಯುತ್ತಾರೆ. ನಾಲಗೆಯ ಕೆಳಗೂ ನೋಡಿದ ಮೇಲೆಯೇ ಊಟದ ಡಬ್ಬಿ ಬಿಚ್ಚುವುದು.