ತಲೆಬಾಗಿಲಿನ ಗೋಣಿಮೆತ್ತೆ

ಓಣಿಯ ಹುಡುಗ ಗುಡುಸಾಬ ಸ್ಟೂಲು ಹತ್ತಿ, ತಲೆಬಾಗಿಲಿನ ಮೇಲ್ಪಟ್ಟಿಗೆ ಸುತ್ತಿದ್ದ ಗೋಣಿಮೆತ್ತೆಯ ಹಗ್ಗ ಬಿಚ್ಚತೊಡಗಿದ್ದ. ಒಳಗಿನಿಂದ ಸುಭದ್ರಾಬಾಯಿ ಕೂಗಿದಳು.

“ಏ ಗುಡುಸಾಬ, ಅದಕ್ಕ ಕೈ ಹಚ್ಚಬ್ಯಾಡ!”

“ಕಾಕಾಗ ಕುರ್ಚ್ಯಾಗ ಕುಂತಂಗೇ ಹೊರಗ ತರಬೇಕಲ್ರಿ ಕಾಕಿ. ಬಾಗಲಾ ಗಿಡ್ಡ ಅದ. ಇದನ್ನ ತೆಗೆದ್ರ ನಾಕು ಬಟ್ಟು ಜಾಗಾ ಸಿಗ್ತದ.”

“ಅವ್ರು ಕಟ್ಟಿದ್ದು ಇರ್ಲಿ. ನೀವೇ ಬಗ್ಗಿ ತರ್ರಿ.”

ತೀರಿಕೊಂಡ ಅವಳ ಗಂಡ ಕಲ್ಯಾಣಪ್ಪನನ್ನು ಪಡಸಾಲೆಯಲ್ಲಿ ಗೋಡೆಗೊರಗಿಸಿ ಕುರ್ಚಿಯಲ್ಲಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ಹೊಸ ರುಮಾಲು. ಹೊರಗೆ ಅಂಗಳದಲ್ಲಿ ಅವನನ್ನು ಮಣ್ಣಿಗೆ ಒಯ್ಯುವ ವಿಮಾನಕ್ಕೆ ಚೆಂಡುಹೂವು ಕಟ್ಟುತ್ತಿದ್ದರು. ಅಂದೋಲಾದ ಅರ್ಧ ಊರು ಅಲ್ಲೇ ಇತ್ತು. ಕಲ್ಯಾಣಪ್ಪನೆಂದರೆ ಯಾರ ಮನೆಗೆ ಹೋದರೂ ಚಹಾ ಕುಡಿಯುವ ಮೊದಲು ನೀರಿನ ಹೌದಿಗೆ ಮುಚ್ಚಳ ಇದೆಯೇ ಎಂದು ಇಣುಕಿ ಬರುವ ಆಸಾಮಿ! ತನ್ನ ಮನೆಗೆ ಯಾರೇ ಬಂದರೂ ‘ಬರ್ರಿ’ ಅನ್ನುವ ಮೊದಲು ‘ತಲೀ ಬಗ್ಗಸ್ರೀ’ ಎನ್ನುತ್ತಿದ್ದ. ಇಂಥವನಿಗಾಗಿ ಬರೀ ಅಳುವುದಾದರೂ ಹೇಗೆ? ಜನ ಅಳುತ್ತಲೇ ನಗುತ್ತಿದ್ದರು.

“ನನ್ನ ಮದಿವ್ಯಾಗ ಅಡಗಿ ಭಟ್ಟಿ ಸುತ್ತ ಹಗ್ಗಾ ಕಟ್ಟಿ ಕಾವಲಾ ಕುಂತಿದ್ದ,” ಎಂದ ತಮ್ಮ ಮಲ್ಲಣ್ಣ. “ಅಕ್ಕಿಕಾಳು ಹಾಕಾಕೂ ಬರ್ಲಿಲ್ಲ ನೋಡ್ರಿ ನಮ್ಮಣ್ಣ!”

“ಮಾಡಿದ ತಪ್ಪು ಮರೀಲಿಲ್ಲ, ಪಾಪ,” ಎಂದಳು ನೆರೆಮನೆಯ ಭಾಗಮ್ಮ. “ಅವತ್ತ ಬಿಸಿನೀರಿನ ಬಕೀಟು ದಾರ್ಯಾಗ ಇಡಬಾರದಿತ್ತು.”

ಎಲ್ಲರ ಕಣ್ಣು ಮಗಳು ಶಾಂಭವಿಯ ಎಡಗೈ ಕಡೆ ಹೋಯಿತು. ಮೊಣಕೈಯಿಂದ ಬೆರಳಿನವರೆಗೆ ಹಳೆಯ ಸುಟ್ಟ ಕಲೆ. ಸುಭದ್ರಾಬಾಯಿ ಗಂಡನ ಮುಖ ನೋಡಿದಳು. ಇನ್ನು ಸ್ವಲ್ಪ ಹೊತ್ತಿಗೆ ಎತ್ತುತ್ತಾರೆ. ಈಗ ಬಾಯಿ ಬಿಡದಿದ್ದರೆ ಆ ತಪ್ಪು ಅವನ ಹೆಸರಿನಲ್ಲೇ ಮಣ್ಣಿಗೆ ಹೋಗುತ್ತದೆ.

*

ಅಂದು ಬಕೀಟನ್ನು ನಡುಮನೆಯಲ್ಲಿಟ್ಟು ಬಳೆಗಾರನ ಕೂಗಿಗೆ ಓಡಿದವಳು ಅವಳೇ. ಆಡುತ್ತ ಬಂದ ಮೂರು ವರ್ಷದ ಶಾಂಭವಿ ಮುಗ್ಗರಿಸಿದಳು. ಕಲ್ಯಾಣಪ್ಪ ಹಿತ್ತಲಿನಿಂದ ಓಡಿಬಂದು ಮಗುವನ್ನೆತ್ತಿಕೊಂಡು ಜೇವರ್ಗಿ ದವಾಖಾನೆಗೆ ಹೋದ. ಮರಳಿ ಬಂದಾಗ ಅವನ ತಾಯಿ ಬಾಗಿಲಲ್ಲೇ ಕಾದಿದ್ದಳು.

“ಯಾರು ಇಟ್ಟಿದ್ರೋ ಬಕೀಟು?”

“ನಾನೇ ಇಟ್ಟಿದ್ನವ್ವಾ.”

ಒಳಗೆ ಸುಭದ್ರಾಬಾಯಿ ಅಳುತ್ತ ಕೇಳಿದಳು, “ಯಾಕ ಹಂಗ ಹೇಳಿದ್ರಿ?”

“ಅವ್ವನ ಬಾಯಿ ನಿನಗ ಗೊತ್ತಿಲ್ಲೇನು? ನನಗ ಎರಡು ದಿನ ಬೈತಾಳ. ನಿನಗ ಜನ್ಮಪೂರ್ತಿ ಬೈತಾಳ.”

ಮರುದಿನ ಒಲೆಯ ಮುಂದೆ ಸುಣ್ಣದ ಗೆರೆ ಎಳೆದ, ಮಕ್ಕಳು ದಾಟದಿರಲೆಂದು. ಸೀಮೆಎಣ್ಣೆ ಬಾಟಲಿ ಅಟ್ಟ ಹತ್ತಿತು. ಹೌದಿಗೆ ತಗಡು ಬಂತು, ಕೊನೆಗೆ ಯಾರ ತಲೆಗೂ ಪೆಟ್ಟಾಗದಿರಲೆಂದು ಬಾಗಿಲಿಗೆ ಈ ಮೆತ್ತೆ. “ನಿಮಗ ಹುಚ್ಚು ಹಿಡದದ,” ಎಂದು ಅವಳೂ ಊರಿನ ಜೊತೆ ನಕ್ಕಿದ್ದಳು.

*

ಅಯ್ಯನವರು ಪೂಜೆ ಮುಗಿಸಿ “ಎತ್ರಿ” ಎಂದರು.

“ನಿಂದ್ರಿ!” ಸುಭದ್ರಾಬಾಯಿ ಎದ್ದು ನಿಂತಳು. “ಆ ಬಕೀಟು ಇಟ್ಟಾಕಿ ನಾನು. ಬಳಿ ಇಡಿಸ್ಕೊಳ್ಳಾಕ ಓಡಿದ್ದೆ. ಇವ್ರದು ಏನೂ ತಪ್ಪಿಲ್ಲ.” ಮಗಳ ಕಡೆ ತಿರುಗಿದಳು. “ನಿನ್ನ ಕೈ ಸುಟ್ಟಾಕಿ ನಾನು ಬೇ, ಶಾಂಭವಿ.”

ಭಾಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.  ಶಾಂಭವಿ ಹತ್ತಿರ ಬಂದು ತಾಯಿಯನ್ನು ತಬ್ಬಿಕೊಂಡಳು.

“ಇಷ್ಟು ವರ್ಷ ಒಬ್ಬಾಕೀನೇ ಹೊತ್ಕೊಂಡಿದ್ದೇನ ಯವ್ವಾ?”

“ಒಬ್ಬಾಕಿ ಎಲ್ಲಿ ಬೇ? ಇವ್ರೂ ಹೊತ್ತಿದ್ರಲ್ಲ.”

ಗುಡುಸಾಬನೂ ಸೇರಿ ನಾಲ್ವರು ಕುರ್ಚಿ ಎತ್ತಿದರು. ಅಳು ಮುಗಿಲು ಮುಟ್ಟಿತು. ಮಂದಿ ನೂಕಾಡುತ್ತ ಬಾಗಿಲಿಗೆ ಬಂದರು. ಮೇಲೆ ಯಾರೂ ನೋಡಲಿಲ್ಲ.

“ತಲೀ! ತಲೀ ಬಗ್ಗಸ್ರೀ!”

ಅದೇ ರಾಗ, ಅದೇ ಗದರಿಕೆ. ಕೂಗಿದವಳು ಸುಭದ್ರಾಬಾಯಿ. ಇಡೀ ಮಂದಿ ತಟ್ಟನೆ ಬಗ್ಗಿತು. ಗುಡುಸಾಬ ಮಂಡಿಯೂರಿ ಕುರ್ಚಿಯನ್ನು ಕೆಳಗಿಳಿಸಿದ. ಮೆತ್ತೆಗೂ ಕಲ್ಯಾಣಪ್ಪನ ರುಮಾಲಿಗೂ ನಡುವೆ ಶಾಂಭವಿ ತನ್ನ ಎಡಗೈ ಅಡ್ಡ ಹಿಡಿದು, ಹೊಸ್ತಿಲು ದಾಟುವವರೆಗೆ ಹಾಗೇ ಇಟ್ಟುಕೊಂಡಿದ್ದಳು.