ಕಿರುಬೆರಳಿನಷ್ಟು ತೂತು

ನಾನು ರಫೂ ಮಾಡುವವಳು. ಹರಿದ ಬಟ್ಟೆಗೆ ಅದರದೇ ಅಂಚಿನಿಂದ ಎಳೆ ಕಿತ್ತು, ತೂತಿನ ಮೇಲೆ ನೇಯ್ದು, ಅಲ್ಲಿ ತೂತು ಇತ್ತೆಂಬುದೇ ತಿಳಿಯದ ಹಾಗೆ ಮುಚ್ಚುವುದು ನನ್ನ ಕೆಲಸ. ಮೂವತ್ತು ವರ್ಷದಿಂದ ಮಾಡುತ್ತಿದ್ದೇನೆ. ಜಂಬ ಇಲ್ಲವೆಂದರೆ ಸುಳ್ಳಾಗುತ್ತದೆ.

ನಮ್ಮ ಯಜಮಾನರು ತೀರಿಹೋಗಿ ಎಂಟು ತಿಂಗಳಾಗಿತ್ತು. ಕಿಟಕಿ ಪಕ್ಕದ ಅವರ ಕುರ್ಚಿ ಖಾಲಿ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಅದಕ್ಕೇ ಗಿರಾಕಿಗಳ ಬಟ್ಟೆಯನ್ನೆಲ್ಲ ಅದರ ಮೇಲೆ ಪೇರಿಸಿದ್ದೆ. ಮನೆ ಬಿಕೋ ಎನ್ನಬಾರದೆಂದು ಬೆಳಗಿನಿಂದಲೇ ರೇಡಿಯೋ ಹಚ್ಚಿಡುತ್ತಿದ್ದೆ. ನಿದ್ದೆ ಬರುತ್ತಿಲ್ಲವೆಂದು ಹೋದರೆ ಡಾಕ್ಟರಮ್ಮ, "ದಿನಾ ಹತ್ತು ನಿಮಿಷ ಸುಮ್ನೆ ಕೂತು ಉಸಿರು ಗಮನಿಸಿ" ಎಂದಳು. ನನಗೆ ಪಿತ್ತ ನೆತ್ತಿಗೇರಿತು. ಉಸಿರು ಅದರ ಪಾಡಿಗೆ ಬಂದು ಹೋಗುತ್ತದೆ, ಅದಕ್ಕೆ ನಾನೇಕೆ ಕಾವಲು ಕೂರಲಿ?

ಅಂಥ ದಿನಗಳಲ್ಲೇ ಹಿಂದಿನ ಬೀದಿಯ ಮೇಷ್ಟ್ರು ಬಂದದ್ದು. ತೀರಿಹೋದ ಹೆಂಡತಿಯ ಉಣ್ಣೆ ಶಾಲು ಕೊಟ್ಟು, "ಅಂಚು ಬಿಟ್ಕೊಂಡಿದೆ, ಅದಷ್ಟು ಸರಿ ಮಾಡ್ಕೊಡಿ ತಾಯಿ" ಎಂದರು. ಕೂರಲೆಂದು ಕುರ್ಚಿಯ ಕಡೆ ನೋಡಿದರು. ನಾನು ಬಟ್ಟೆ ತೆಗೆಯಲಿಲ್ಲ. ನಿಂತೇ ಇದ್ದು ಹೋದರು.

ಅಂಚು ಮುಗಿಸುವಾಗ ಶಾಲಿನ ನಡುವೆ, ಕಿಡಿ ಬಿದ್ದು ಆದದ್ದಿರಬೇಕು, ಕಿರುಬೆರಳು ತೂರುವಷ್ಟು ತೂತೊಂದು ಕಂಡಿತು. ಪಾಪ, ವಯಸ್ಸಾದವರು, ನೋಡಿರಲಿಕ್ಕಿಲ್ಲ ಎಂದುಕೊಂಡು ಅದನ್ನೂ ಮುಚ್ಚಿದೆ.

ಮೇಷ್ಟ್ರು ಬಂದವರು ಅಂಚಿನ ಕಡೆ ನೋಡಲೇ ಇಲ್ಲ. ಶಾಲನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು.

"ಇಲ್ಲೊಂದು ತೂತು ಇತ್ತಲ್ಲ?"

"ಇತ್ತು. ಈಗ ಹುಡುಕಿ ನೋಡೋಣ!" ಎಂದು ಬೀಗಿದೆ.

ಮೇಷ್ಟ್ರು ಶಾಲನ್ನು ಇಳಿಸಿದರು. ಬಾಗಿಲನ್ನು ಹಿಡಿದುಕೊಂಡರು. "ಕೊನೆಗೆ ಅವಳಿಗೆ ಮಾತು ನಿಂತುಹೋಗಿತ್ತು. ಆ ತೂತಲ್ಲಿ ಕಿರುಬೆರಳು ತೂರಿಸಿ ಎರಡು ಸಲ ಬಗ್ಗಿಸೋಳು. 'ಇಲ್ಲೇ ಇದ್ದೀರಾ' ಅಂತ. ನಾನು ಹಿಡ್ಕೊಂಡು 'ಇದ್ದೀನಿ ಕಣೇ' ಅಂತಿದ್ದೆ. ಈಗ ದಿನಾ ಸಂಜೆ ನಾನೇ ಬೆರಳು ಹಾಕ್ಕೊಂಡು ಕೂರ್ತೀನಿ."

"ಮೊದಲೇ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ?" ಎಂದು ರೇಗಿದೆ. ನಿಜಕ್ಕೂ ರೇಗಿದ್ದು ನನ್ನ ಮೇಲೇ. ಅವರು "ನಿಮ್ಮ ತಪ್ಪಲ್ಲ ಬಿಡಿ" ಎಂದು ಶಾಲು ಮಡಿಸಹೋದರು. ನಾನು ಕಿತ್ತುಕೊಂಡೆ.

"ನಾಳೆ ಬನ್ನಿ."

ಮುಚ್ಚಿದ್ದನ್ನು ಬಿಚ್ಚಬೇಕು, ಆದರೆ ಎಲ್ಲಿ? ಕನ್ನಡಕ ಒರೆಸಿ ಹಾಕಿಕೊಂಡೆ. ಬಿಸಿಲಿಗೆ ಹಿಡಿದೆ. ನನ್ನ ಕೈಚಳಕ ನನಗೇ ತಿರುಗುಬಾಣವಾಗಿತ್ತು. ಅಂದಾಜಿನಲ್ಲಿ ಕತ್ತರಿಸಿದರೆ ತೂತೇನೋ ಆದೀತು, ಆದರೆ ಅದು ಆಕೆಯದಲ್ಲ. ನೇಯ್ದ ಕಡೆ ಬಟ್ಟೆ ಕೂದಲೆಳೆಯಷ್ಟು ಹೆಚ್ಚು ದಪ್ಪವಿರುತ್ತದೆ; ಅದು ಬೆರಳಿಗೆ ಮಾತ್ರ ಗೊತ್ತಾಗಬೇಕು. ರೇಡಿಯೋ ನಿಲ್ಲಿಸಿ ಕಣ್ಣು ಮುಚ್ಚಿದೆ. ಕೈ ನಡುಗುತ್ತಿತ್ತು. ಉಸಿರು ಬಿಡುವಾಗ ಮಾತ್ರ ನಡುಕ ನಿಲ್ಲುತ್ತಿತ್ತು. ಹಾಗಾಗಿ ಉಸಿರು ಬಿಡುವಾಗ ಶಾಲಿನ ಮೇಲೆ ಬೆರಳನ್ನು ಒಂದಿಷ್ಟು ಸರಿಸುವುದು, ಎಳೆದುಕೊಳ್ಳುವಾಗ ನಿಲ್ಲಿಸುವುದು. ಡಾಕ್ಟರಮ್ಮ ನೋಡಿದ್ದರೆ ನಗುತ್ತಿದ್ದಳು.

ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಕಿಟಕಿಯ ಬಳಿ ಯಾರೂ ಕೆಮ್ಮದಿರುವುದೂ ಕೇಳಿಸಿತು. ಎದ್ದು ರೇಡಿಯೋ ಹಚ್ಚೋಣವೆನಿಸಿತು, ಎದ್ದರೆ ಬೆರಳು ಜಾಗ ತಪ್ಪುತ್ತಿತ್ತು. ಅಳು ಬಂತು. ಅತ್ತುಬಿಟ್ಟೆ, ಬೆರಳು ಮಾತ್ರ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಅಳು ತಾನಾಗಿಯೇ ಮುಗಿಯಿತು. ಅಳು ಮುಗಿಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಜಾಗ ಸಿಕ್ಕಿತು. ಒಂದೊಂದೇ ಎಳೆ ಬಿಚ್ಚಿದೆ.

ಮರುದಿನ ಮೇಷ್ಟ್ರು ನಿಂತೇ ಶಾಲು ಬಿಡಿಸಿ, ತೂತಿನಲ್ಲಿ ಕಿರುಬೆರಳು ತೂರಿಸಿದರು. ಬೆರಳು ಎರಡು ಸಲ ಬಗ್ಗಿತು. ಹಿಡಿದುಕೊಳ್ಳಲು ಯಾರೂ ಇಲ್ಲದೆ ಹಾಗೇ ಕಾಯುತ್ತ ನಿಂತಿತು.

ಕುರ್ಚಿಯ ಮೇಲಿನ ಬಟ್ಟೆಯನ್ನೆಲ್ಲ ಎತ್ತಿ ನೆಲಕ್ಕೆ ಹಾಕಿದೆ.

"ಕೂತ್ಕೊಳ್ಳಿ ಮೇಷ್ಟ್ರೇ" ಎಂದೆ. "ಇದು ನಮ್ಮ ಯಜಮಾನ್ರ ಕುರ್ಚಿ."